ಜೋಗೇಂದ್ರನಾಥ ಮಂಡಲರ ರಾಜೀನಾಮೆ ಮತ್ತು ನಮ್ಮ ಮಂತ್ರಿಗಳು

ಹೋದ ಸಲದ ಸಭೆ ಮುಗಿದು ನಾವೆಲ್ಲ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಒಬ್ಬ ಹುಡುಗ ಒಂದು ಕರಪತ್ರ ತಂದು ಕೈಗಿಟ್ಟ. ಅವರ ಊರಿನಲ್ಲಿ ಯಾರೋ ಕೇರಿ ಕೇರಿಗೆ ಹಂಚಿ ಹೋಗಿದ್ದರಂತೆ. ಅದರಲ್ಲಿದ್ದದ್ದು ಇಷ್ಟೇ: ಮುಸ್ಲಿಮರ ಜೊತೆ ಕೈಜೋಡಿಸಿದ ಜೋಗೇಂದ್ರನಾಥ ಮಂಡಲ್‌ಗೆ ಪಾಕಿಸ್ತಾನದಲ್ಲಿ ಏನು ಗತಿಯಾಯಿತು ನೋಡಿ, ದಲಿತರೇ ಎಚ್ಚರವಾಗಿರಿ. ಹುಡುಗ ಕೇಳಿದ: "ಅಣ್ಣ, ಈ ಮಂಡಲ್ ಯಾರು? ಮೀಸಲಾತಿ ಕಮಿಷನ್ನಿನ ಮಂಡಲ್ಲಾ?" ಅಲ್ಲಪ್ಪ, ಅವರು ಬಿಹಾರದವರು, ಇವರು ಬಂಗಾಳದವರು ಅಂತ ಹೇಳುವಷ್ಟರಲ್ಲಿ ಬಸ್ಸು ಬಂತು. ಬಸ್ಸಿನಲ್ಲಿ ಹೇಳಿ ಮುಗಿಸಲಾಗದ ಮಾತನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

ನಮ್ಮ ಜನರ ಎಚ್ಚರದ ಬಗ್ಗೆ ಇದ್ದಕ್ಕಿದ್ದಂತೆ ಇಷ್ಟು ಕಾಳಜಿ ಹುಟ್ಟಿದವರನ್ನು ಮೊದಲು ಒಂದು ಮಾತು ಕೇಳಬೇಕು. ಮಂಡಲ್ ಬದುಕಿದ್ದಾಗ ಅವರನ್ನು 'ಜೋಗೇನ್ ಅಲಿ ಮುಲ್ಲಾ' ಎಂದು ಹಂಗಿಸಿದವರು ಯಾರು? ಇದೇ ಜಾತಿಯವರು, ಇದೇ ಬಾಯಿ. ಬದುಕಿದ್ದಾಗ ದ್ರೋಹಿ, ಸತ್ತ ಮೇಲೆ ಪಾಠ. 2019ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದ ಮೇಲಂತೂ ಸಂಸತ್ತಿನ ಒಳಗೂ ಅವರ ಹೆಸರು ಎತ್ತಿದರು. ಸತ್ತ ದಲಿತನನ್ನು ಹೊತ್ತು ಮೆರೆಸುವುದು ಈ ದೇಶದಲ್ಲಿ ಸುಲಭದ ಕೆಲಸ. ಜೀವಂತ ದಲಿತನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದೇ ಕಷ್ಟ.

ಮಂಡಲ್ ಹುಟ್ಟಿದ್ದು 1904ರ ಜನವರಿ 29ರಂದು, ಪೂರ್ವ ಬಂಗಾಳದ ಬಾರಿಸಾಲ್ ಜಿಲ್ಲೆಯ ಮೈಸ್ತರಕಾಂದಿ ಎಂಬ ಹಳ್ಳಿಯಲ್ಲಿ, ನಾಮಶೂದ್ರರ ಮನೆಯಲ್ಲಿ. ನೀರು, ಕೆಸರು, ಭತ್ತ, ದೋಣಿಗಳ ನಾಡು ಅದು. ನಾಮಶೂದ್ರರು ಆ ಕೆಸರಿನಲ್ಲಿ ದುಡಿದು ಬಂಗಾಳಕ್ಕೆ ಅನ್ನ ಹಾಕಿದವರು. ಜಮೀನಿನ ಒಡೆತನ ಮಾತ್ರ ಬ್ರಾಹ್ಮಣ, ಕಾಯಸ್ಥ, ವೈದ್ಯ ಜಮೀನ್ದಾರರದು. ಸರಕಾರದ ದಾಖಲೆಯಲ್ಲಿ ಈ ಜನರಿಗೆ ಇಟ್ಟಿದ್ದ ಹೆಸರು 'ಚಂಡಾಲ'. 1872-73ರಲ್ಲಿ ಫರೀದ್‌ಪುರ, ಬಾರಿಸಾಲ್ ಕಡೆಯ ನಾಮಶೂದ್ರರು ಮೇಲ್ಜಾತಿಯವರ ಹೊಲ ಮನೆಗಳಲ್ಲಿ ಕೆಲಸ ಮಾಡುವುದನ್ನೇ ನಿಲ್ಲಿಸಿಬಿಟ್ಟರು. ನಮಗೆ ಮರ್ಯಾದೆ ಇಲ್ಲದ ಕಡೆ ನಮ್ಮ ದುಡಿಮೆಯೂ ಇಲ್ಲ ಅಂದರು. ನೂರೈವತ್ತು ವರ್ಷದ ಹಿಂದೆ! ಸಂಘಟನೆ ಎಂಬ ಪದ ನಮ್ಮ ಬಾಯಿಗೆ ಬರುವ ಎಷ್ಟೋ ಮೊದಲು. ಹರಿಚಾಂದ್ ಠಾಕೂರ್, ಅವರ ಮಗ ಗುರುಚಾಂದ್ ಠಾಕೂರ್ ಇದೇ ಜನರ ನಡುವೆ ಮತುವಾ ಪಂಥ ಕಟ್ಟಿದರು, ಹಳ್ಳಿಗಳಿಗೆ ಶಾಲೆ ತಂದರು. ಕೊನೆಗೆ 1911ರ ಜನಗಣತಿಯಲ್ಲಿ ಆ ಕೆಟ್ಟ ಹೆಸರು ಹೋಗಿ 'ನಾಮಶೂದ್ರ' ಅಂತ ಬರೆಯಲೇಬೇಕಾಯಿತು.

1905ರಲ್ಲಿ ಬಂಗಾಳದ ಬಾಬುಗಳು ವಿದೇಶಿ ಬಟ್ಟೆ ಸುಟ್ಟು ಸ್ವದೇಶಿ ಚಳವಳಿ ಮಾಡಿದಾಗ ನಾಮಶೂದ್ರರು ಬಹುಮಟ್ಟಿಗೆ ದೂರವೇ ಉಳಿದರು. ಇವರಿಗೆ ದೇಶಭಕ್ತಿ ಇಲ್ಲ ಅಂತ ಆಗಲೂ ಬೈದರು. ಬ್ರಿಟಿಷರನ್ನು ಓಡಿಸಬೇಕು ಸರಿ. ಓಡಿಸಿದ ಮೇಲೆ ಹೊಲ ಯಾರದು? ಬಾವಿ ಯಾರದು? ಈ ಪ್ರಶ್ನೆ ಕೇಳಿದವರೆಲ್ಲ ದೇಶದ್ರೋಹಿಗಳಾದರು. ಅಂಬೇಡ್ಕರ್‌ಗೂ ಇದೇ ಬಿರುದು ಸಿಕ್ಕಿತ್ತಲ್ಲ.

ಹಾಗಂತ ಮಂಡಲ್ ಬ್ರಿಟಿಷರ ಬಾಲ ಹಿಡಿದವರೇನಲ್ಲ. ಬಾರಿಸಾಲಿನ ಬ್ರಜಮೋಹನ ಕಾಲೇಜಿನಲ್ಲಿ ಓದಿ, ಕಲ್ಕತ್ತದಲ್ಲಿ ಕಾನೂನು ಮುಗಿಸಿ, ವಕೀಲರಾಗಿ ವಾಪಸು ಬಂದರು. 1937ರ ಚುನಾವಣೆಯಲ್ಲಿ ಮೀಸಲಲ್ಲದ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತು ಕಾಂಗ್ರೆಸ್ ಅಭ್ಯರ್ಥಿಯನ್ನೇ ಸೋಲಿಸಿದರು. ಸೋತವರು ಯಾರೋ ಬಡಪಾಯಿಯಲ್ಲ. ಬಾರಿಸಾಲಿನ ದೊಡ್ಡ ರಾಷ್ಟ್ರೀಯ ನಾಯಕ ಅಶ್ವಿನಿಕುಮಾರ ದತ್ತರ ಅಣ್ಣತಮ್ಮಂದಿರ ಮಗ. ಮಂಡಲ್ ಆ ದಿನಗಳಲ್ಲಿ ಸುಭಾಷ್ ಬೋಸ್ ಮತ್ತು ಶರತ್ ಬೋಸ್ ಸಹೋದರರಿಗೆ ಹತ್ತಿರದವರಾಗಿದ್ದರು. ಸುಭಾಷರನ್ನೇ ಕಾಂಗ್ರೆಸ್ಸು ಹೊರಗೆ ತಳ್ಳಿದ ಮೇಲೆ ಮಂಡಲರಿಗೆ ಆ ಮನೆಯಲ್ಲಿ ಕೂರಲು ಜಾಗವಿರಲಿಲ್ಲ.

ಇಲ್ಲಿಂದ ಮುಂದೆ ನಮ್ಮ ಓದುಗರು ಸ್ವಲ್ಪ ನಿಧಾನವಾಗಿ ಓದಬೇಕು. ಯಾಕೆಂದರೆ ಕರಪತ್ರ ಬರೆದವರು ಈ ಭಾಗವನ್ನೇ ನುಂಗಿಹಾಕಿದ್ದಾರೆ.

1943ರಲ್ಲಿ ಫಜಲುಲ್ ಹಕ್ ಅವರ ಮಂತ್ರಿಮಂಡಲ ಬಿತ್ತು. ಮುಸ್ಲಿಂ ಲೀಗಿನ ನಾಜಿಮುದ್ದೀನ್ ಸರಕಾರ ಕಟ್ಟಲು ಹೊರಟರು. ಆಗ ಮಂಡಲರ ಜೊತೆ 21 ಮಂದಿ ಪರಿಶಿಷ್ಟ ಜಾತಿ ಶಾಸಕರಿದ್ದರು. ಅವರು ಬೆಂಬಲ ಕೊಟ್ಟದ್ದು ಪುಕ್ಕಟೆಯಾಗಿ ಅಲ್ಲ. ಮಂತ್ರಿಮಂಡಲದಲ್ಲಿ ನಮ್ಮವರು ಮೂರು ಜನ ಇರಬೇಕು ಅಂದರು. ನಮ್ಮ ಮಕ್ಕಳ ಓದಿಗೆ ವರ್ಷಾ ವರ್ಷ ಐದು ಲಕ್ಷ ರೂಪಾಯಿ ತೆಗೆದಿಡಬೇಕು ಅಂದರು. ಸರಕಾರಿ ನೌಕರಿಯಲ್ಲಿ ನಮ್ಮ ಪಾಲಿನ ನಿಯಮವನ್ನು ಯಾವ ನೆಪವೂ ಇಲ್ಲದೆ ಜಾರಿ ಮಾಡಬೇಕು ಅಂದರು. ಅಂದದ್ದಕ್ಕೆ ಒಪ್ಪಿಗೆ ಸಿಕ್ಕಿದ ಮೇಲೆ ಬೆಂಬಲ. ಮಂಡಲ್ ಸಹಕಾರಿ ಸಾಲ ಮತ್ತು ಗ್ರಾಮೀಣ ಋಣದ ಖಾತೆಯ ಮಂತ್ರಿಯಾದರು. ಸಾಲದಲ್ಲೇ ಹುಟ್ಟಿ ಸಾಲದಲ್ಲೇ ಸಾಯುವ ರೈತರ ಜಾತಿಯಿಂದ ಬಂದವನ ಕೈಗೆ ಸಾಲದ ಖಾತೆ.

ಲೀಗಿನ ಜೊತೆ ಯಾಕೆ ಹೋದಿರಿ ಅಂತ ಕೇಳಿದವರಿಗೆ ಅವರು ಕೊಟ್ಟ ಉತ್ತರದಲ್ಲಿ ದೇವರಿಲ್ಲ, ಧರ್ಮವಿಲ್ಲ. ಬಂಗಾಳದ ಮುಸ್ಲಿಮರು ಹೆಚ್ಚಿನವರು ಗೇಣಿದಾರರು, ಕೂಲಿಯವರು, ಮೀನು ಹಿಡಿಯುವವರು. ನಾವೂ ಅವರೇ. ಅವರಿಗೂ ಅಕ್ಷರ ಕಮ್ಮಿ, ನಮಗೂ ಕಮ್ಮಿ. ಇಬ್ಬರ ಹೊಟ್ಟೆಯ ಪಾಡೂ ಒಂದೇ. ಇದು ಅವರ ಲೆಕ್ಕ. ಈ ಲೆಕ್ಕ ತಪ್ಪು ಅಂತ ನಮಗೆ ಇವತ್ತಿಗೂ ಅನ್ನಿಸುವುದಿಲ್ಲ. ಒಂದೇ ಕೆರೆಯ ಕೆಳಗೆ ಗೇಣಿ ಮಾಡುವ ಇಬ್ಬರು ಒಂದಾಗುವುದು ತಪ್ಪಾದರೆ ಚಳವಳಿ ಅನ್ನುವುದೇ ತಪ್ಪು.

ಆದರೆ ಒಂದು ಮಾತನ್ನು ಮುಚ್ಚಿಟ್ಟರೆ ನಾವು ಸುಳ್ಳರಾಗುತ್ತೇವೆ. 1943 ಬಂಗಾಳದ ಮಹಾ ಕ್ಷಾಮದ ವರ್ಷ. ಸುಮಾರು ಮೂವತ್ತು ಲಕ್ಷ ಜನ ಸತ್ತರೆಂದು ಲೆಕ್ಕ ಹಾಕಿದ್ದಾರೆ. ಸತ್ತವರು ಯಾರು? ಭೂಮಿ ಇಲ್ಲದ ಕೂಲಿಗಳು, ಮೀನುಗಾರರು, ದೋಣಿಯವರು. ಯುದ್ಧದ ನೆಪದಲ್ಲಿ ಬ್ರಿಟಿಷರು ದೋಣಿಗಳನ್ನೇ ಕಿತ್ತುಕೊಂಡರು, ವ್ಯಾಪಾರಿಗಳು ಅಕ್ಕಿ ಬಚ್ಚಿಟ್ಟರು, ನಾಜಿಮುದ್ದೀನರ ಸರಕಾರ ಕೈಲಾಗದೆ ನೋಡಿತು. ಆ ಸರಕಾರದಲ್ಲಿ ಮಂಡಲ್ ಮಂತ್ರಿ. ಪಟ್ಟ ಪಾಡಿನಲ್ಲಿ ಎಲ್ಲರಿಗೂ ಪಾಲಿದ್ದಂತೆ ಕುರ್ಚಿಯ ತಪ್ಪಿನಲ್ಲೂ ಕುರ್ಚಿಯವರಿಗೆ ಪಾಲುಂಟು. ನಮ್ಮವನು ಅಂತ ನಾವು ಇದನ್ನು ಬಿಡುವುದಿಲ್ಲ.

ಅದೇ 1943ರಲ್ಲಿ ಅವರು ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಂಗಾಳ ಶಾಖೆ ಕಟ್ಟಿದರು. ಮೂರು ವರ್ಷಕ್ಕೆ 1946ರ ಚುನಾವಣೆ ಬಂತು. ಬಂಗಾಳದಲ್ಲಿ ಪರಿಶಿಷ್ಟರಿಗೆ 30 ಸ್ಥಾನ. ಒಕ್ಕೂಟ ಗೆದ್ದದ್ದು ಒಂದು. ಆ ಒಂದು ಮಂಡಲ್ ಅವರೇ. ಉಳಿದ ಹೆಚ್ಚಿನವು ಕಾಂಗ್ರೆಸ್ಸಿನ ಜೋಳಿಗೆಗೆ. ಯಾಕೆ ಹೀಗಾಯಿತು? 1932ರ ಪೂನಾ ಒಪ್ಪಂದ. ಸ್ಥಾನ ನಮ್ಮದು, ಓಟು ಊರವರದು. ಕೇರಿಯ ಪರ ಬಾಯಿ ಬಿಡುವವನು ಸೋಲುತ್ತಾನೆ, ಊರವರು ಹೇಳಿದ್ದಕ್ಕೆ ತಲೆಯಾಡಿಸುವವನು ಗೆಲ್ಲುತ್ತಾನೆ. ಮೀಸಲು ಕ್ಷೇತ್ರದ ಈ ಮಹಿಮೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಒಂದೇ ಒಂದು ಸ್ಥಾನ ಇಟ್ಟುಕೊಂಡು ಮಂಡಲ್ ಮಾಡಿದ ಕೆಲಸವನ್ನು ಈ ದೇಶದ ಪ್ರತಿಯೊಬ್ಬ ದಲಿತನೂ ತಿಳಿದಿರಬೇಕು. ಸಂವಿಧಾನ ಸಭೆಗೆ ಅಂಬೇಡ್ಕರ್ ಬರಬೇಕಿತ್ತು. ಅವರ ಸ್ವಂತ ಬೊಂಬಾಯಿ ಪ್ರಾಂತ್ಯದಲ್ಲಿ ಬಾಗಿಲು ಮುಚ್ಚಿತ್ತು. ಆರಿಸಿ ಕಳಿಸಬೇಕಾದವರು ಪ್ರಾಂತ್ಯದ ಶಾಸಕರು, ಅಲ್ಲಿ ಒಕ್ಕೂಟಕ್ಕೆ ಬಲವಿಲ್ಲ. ಮಂಡಲ್ ಬಂಗಾಳಕ್ಕೆ ಕರೆದರು. ಬೇರೆ ಬೇರೆ ಪಕ್ಷದಲ್ಲಿದ್ದ ಪರಿಶಿಷ್ಟ ಜಾತಿ ಶಾಸಕರ ಮನೆ ಮನೆ ತಿರುಗಿದರು, ಕೆಲವರು ತಮ್ಮ ಪಕ್ಷದ ಮಾತು ಮೀರಿ ಓಟು ಹಾಕಿದರು. 1946ರ ಜುಲೈಯಲ್ಲಿ ಅಂಬೇಡ್ಕರ್ ಬಂಗಾಳದಿಂದ ಆಯ್ಕೆಯಾದರು. ಮುಂದೆ ಬಂಗಾಳ ಒಡೆದಾಗ ಆ ಸ್ಥಾನ ಹೋಯಿತು, 1947ರ ಜುಲೈಯಲ್ಲಿ ಬೊಂಬಾಯಿಯಿಂದ ಮತ್ತೆ ಆರಿಸಿ ಬಂದರು, ಅದು ಬೇರೆ ಮಾತು. (ಅಂಬೇಡ್ಕರರನ್ನು ತೆಗೆಯಲಿಕ್ಕೆಂದೇ ಖುಲ್ನಾ ಜಿಲ್ಲೆಯನ್ನು ಪಾಕಿಸ್ತಾನಕ್ಕೆ ಕೊಟ್ಟರು ಅಂತ ನಮ್ಮ ಭಾಷಣಕಾರರು ಕೆಲವರು ಹೇಳುವುದುಂಟು. ಆ ಚುನಾವಣೆಗೆ ಜಿಲ್ಲಾ ಕ್ಷೇತ್ರವೇ ಇರಲಿಲ್ಲ. ನಮ್ಮ ವಾದಕ್ಕೆ ಇಂಥ ಕತೆಗಳು ಬೇಡ. ನಿಜವೇ ಸಾಕಷ್ಟಿದೆ.) ಮೊದಲ ಬಾಗಿಲು ತೆರೆದದ್ದು ಬಾರಿಸಾಲಿನ ಒಬ್ಬ ನಾಮಶೂದ್ರ ಎನ್ನುವುದು ಮಾತ್ರ ಕಲ್ಲಿನ ಮೇಲೆ ಬರೆದ ಮಾತು.

ಅದೇ ವರ್ಷ ಅಕ್ಟೋಬರಿನಲ್ಲಿ ದಿಲ್ಲಿಯ ಮಧ್ಯಂತರ ಸರಕಾರಕ್ಕೆ ಲೀಗು ಸೇರಬೇಕಾಯಿತು. ಕಾಂಗ್ರೆಸ್ಸು ತನ್ನ ಪಾಲಿನಲ್ಲಿ ಒಬ್ಬ ಮುಸ್ಲಿಮರನ್ನು ಮಂತ್ರಿ ಮಾಡಿತ್ತು. ನಾವೂ ಒಂದು ಆಟ ಆಡುತ್ತೇವೆ ಅಂತ ಲೀಗು ತನ್ನ ಐದು ಹೆಸರಿನಲ್ಲಿ ಒಬ್ಬ ದಲಿತನ ಹೆಸರು ಸೇರಿಸಿತು. ಆ ಹೆಸರು ಮಂಡಲ್. ಕಾಂಗ್ರೆಸ್ಸಿನ ಕಡೆ ಜಗಜೀವನ್ ರಾಮ್ ಇದ್ದೇ ಇದ್ದರು. ಇಬ್ಬರು ಇಸ್ಪೀಟು ಆಡುವಾಗ ಎರಡೂ ಕೈಯಲ್ಲಿ ನಮ್ಮದೊಂದು ಎಲೆ. ತೀರ್ಮಾನ ಮಾಡಲು ತಮಗೆ ಕೊಟ್ಟದ್ದು ಒಂದೇ ಗಂಟೆ ಕಾಲ ಅಂತ ಮಂಡಲರೇ ಮುಂದೆ ಬರೆದರು. ಅಂಬೇಡ್ಕರ್ ಬೇಡ ಅಂದರೆ ರಾಜೀನಾಮೆ ಕೊಡಲು ಬಿಡಬೇಕು ಎನ್ನುವ ಒಂದೇ ಷರತ್ತು ಹಾಕಿ ಒಪ್ಪಿದರು. ಆಗ ಲಂಡನ್ನಿನಲ್ಲಿದ್ದ ಅಂಬೇಡ್ಕರ್ ಆಗಲಿ ಅಂತ ತಂತಿ ಕಳಿಸಿದರು. ಕರಪತ್ರದವರು ಈ ತಂತಿಯನ್ನು ಯಾವತ್ತೂ ಹೇಳುವುದಿಲ್ಲ.

1943ಕ್ಕೂ 1946ಕ್ಕೂ ಇರುವ ವ್ಯತ್ಯಾಸ ನೋಡಿ. ಆಗ ಹಿಂದೆ 21 ಜನ ಇದ್ದರು. ಲೀಗಿನವರು ಮಂಡಲರ ಬಾಗಿಲಿಗೆ ಬಂದರು, ಷರತ್ತು ಕೇಳಿಸಿಕೊಂಡರು. ಈಗ ಹಿಂದೆ ಯಾರೂ ಇಲ್ಲ. ಒಂದು ಗಂಟೆ ಟೈಮು ಕೊಟ್ಟು ಹೂಂ ಅಂತೀಯಾ ಇಲ್ಲಾ ಅಂತೀಯಾ ಅಂದರು. ಮನುಷ್ಯ ಅದೇ, ಬುದ್ಧಿ ಅದೇ, ಪ್ರಾಮಾಣಿಕತೆ ಅದೇ. ಖಾತೆ ಹಿಂದಿನದಕ್ಕಿಂತ ದೊಡ್ಡದು, ಇಡೀ ಹಿಂದೂಸ್ತಾನದ ಕಾನೂನು ಖಾತೆ. ಕುರ್ಚಿ ಎತ್ತರವಾಯಿತು, ಕಾಲಡಿಯ ನೆಲ ಹೋಯಿತು. ಪಾಕಿಸ್ತಾನದಲ್ಲಿ ಆಮೇಲೆ ನಡೆದದ್ದೆಲ್ಲ ಈ ಒಂದು ಗಂಟೆಯಲ್ಲೇ ಶುರುವಾಯಿತು ಎಂದು ನಾವು ತಿಳಿದಿದ್ದೇವೆ. ಮುಸ್ಲಿಮರ ಜೊತೆ ಹೋದದ್ದರಿಂದ ಅಲ್ಲ. ಒಬ್ಬನೇ ಹೋದದ್ದರಿಂದ.

ಮಂಡಲ್ ಬಂಗಾಳವನ್ನು ಒಡೆಯುವುದಕ್ಕೆ ವಿರುದ್ಧವಾಗಿದ್ದರು ಎನ್ನುವುದನ್ನೂ ಅಡಗಿಸಿಡುತ್ತಾರೆ. ಒಡೆದರೆ ಪೂರ್ವದಲ್ಲಿ ನಮ್ಮ ಜನ ಬಹುಸಂಖ್ಯಾತ ಮುಸ್ಲಿಮರ ದಯೆಯಲ್ಲಿ, ಪಶ್ಚಿಮದಲ್ಲಿ ಮೇಲ್ಜಾತಿ ಹಿಂದೂಗಳ ದಯೆಯಲ್ಲಿ ಬದುಕಬೇಕಾಗುತ್ತದೆ ಅಂತ ಹೇಳಿದರು. ಎರಡೂ ಮಾತು ಅಕ್ಷರಶಃ ನಿಜವಾಯಿತು. ಬಂಗಾಳ ಒಡೆಯಲಿ ಅಂತ ಊರೂರು ಸಭೆ ಮಾಡಿದವರು ಹಿಂದೂ ಮಹಾಸಭೆಯವರು, ಓಟು ಹಾಕಿದವರು ಕಾಂಗ್ರೆಸ್ಸಿನವರು. ದ್ರೋಹಿಯಾದವನು ಮಂಡಲ್!

1947ರ ಆಗಸ್ಟ್ 10ರಂದು ಕರಾಚಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆ ಮೊದಲ ಸಲ ಕೂಡಿದಾಗ ಹಂಗಾಮಿ ಅಧ್ಯಕ್ಷರಾಗಿ ಕೂತದ್ದು ಮಂಡಲ್. ಮಾರನೆಯ ದಿನ ಅದೇ ಸಭೆಯಲ್ಲಿ ಜಿನ್ನಾ ಅವರು ಯಾರ ಧರ್ಮ ಯಾವುದಾದರೂ ಸರಕಾರಕ್ಕೆ ಸಂಬಂಧವಿಲ್ಲ ಎನ್ನುವ ಅರ್ಥದ ಮಾತಾಡಿದರು. ಮಂಡಲ್ ನಂಬಿದರು. ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು, ಕಾರ್ಮಿಕ ಖಾತೆಯೂ ಅವರದೇ. ಇತ್ತ ಹಿಂದೂಸ್ತಾನದ ಮೊದಲ ಕಾನೂನು ಮಂತ್ರಿ ಅಂಬೇಡ್ಕರ್. ಎರಡು ಹೊಸ ದೇಶ, ಎರಡರ ಕಾನೂನಿಗೂ ಅಸ್ಪೃಶ್ಯರೇ ಮಂತ್ರಿ.

ಆದರೆ ಕರಾಚಿಯ ಬೀದಿ ಗುಡಿಸುವ ನಮ್ಮ ಜನ ಹಿಂದೂಸ್ತಾನಕ್ಕೆ ಹೊರಟಾಗ ಅವರನ್ನು ತಡೆದರು. ಇವರು ಅಗತ್ಯ ಸೇವೆಯವರು, ಹೋದರೆ ಊರು ನಾರುತ್ತದೆ ಎಂಬುದು ಕಾರಣ. ಬ್ರಾಹ್ಮಣ ಹೋಗಬಹುದು, ಬನಿಯಾ ಹೋಗಬಹುದು, ಕಕ್ಕಸು ಬಳಿಯುವವನು ಮಾತ್ರ ಹೋಗುವ ಹಾಗಿಲ್ಲ! ಅಂಬೇಡ್ಕರ್ ಇದನ್ನು ಕಂಡು 1947ರ ಡಿಸೆಂಬರಿನಲ್ಲಿ ನೆಹರೂಗೆ ಪತ್ರ ಬರೆದರು. ಅದಕ್ಕೂ ಮೊದಲೇ ನವೆಂಬರಿನಲ್ಲಿ, ಪಾಕಿಸ್ತಾನದಲ್ಲಿ ಸಿಕ್ಕಿಕೊಂಡ ನಮ್ಮ ಜನ ಲೀಗನ್ನು ನಂಬಿ ಕೂರಬೇಡಿ, ಸಾಧ್ಯವಾದ ದಾರಿಯಲ್ಲಿ ಬಂದುಬಿಡಿ ಅಂತ ಕರೆ ಕೊಟ್ಟಿದ್ದರು. ಹೈದರಾಬಾದಿನ ದಲಿತರು ನಿಜಾಮನ ಕಡೆ ನಿಲ್ಲಬಾರದು ಅಂತಲೂ ಅದೇ ಹೇಳಿಕೆಯಲ್ಲಿತ್ತು. ಗುಲ್ಬರ್ಗ, ರಾಯಚೂರು ಕಡೆಯ ಹಿರಿಯರಿಗೆ ಇದು ಗೊತ್ತು. ನಿಜಾಮನ ಪರವಾಗಿ ವಿಶ್ವಸಂಸ್ಥೆಗೆ ಹೋದ ನಿಯೋಗದಲ್ಲಿ ನಮ್ಮ ಬಿ. ಶ್ಯಾಮಸುಂದರ್ ಇದ್ದರು. ಅದೇ ಶ್ಯಾಮಸುಂದರ್ 1968ರಲ್ಲಿ ಗುಲ್ಬರ್ಗದಲ್ಲಿ ಭೀಮಸೇನೆ ಕಟ್ಟಿದರು. ಒಂದು ಕಾಲದ ಒಂದು ಹೆಜ್ಜೆ ಹಿಡಿದು ಇಡೀ ಮನುಷ್ಯನನ್ನು ಅಳೆಯುವುದಾದರೆ ನಮ್ಮಲ್ಲಿ ಯಾರು ಉಳಿಯುತ್ತಾರೆ?

ಜಿನ್ನಾ 1948ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 1949ರ ಡಿಸೆಂಬರಿನಲ್ಲಿ ಖುಲ್ನಾ ಜಿಲ್ಲೆಯ ಕಾಲಶಿರಾ ಎಂಬಲ್ಲಿ ಕಮ್ಯುನಿಸ್ಟರನ್ನು ಹುಡುಕುವ ನೆಪದಲ್ಲಿ ಪೊಲೀಸರು ನುಗ್ಗಿದರು. ಗಲಾಟೆಯಲ್ಲಿ ಒಬ್ಬ ಪೇದೆ ಸತ್ತ. ಆಮೇಲೆ ನಾಮಶೂದ್ರರ ಹಳ್ಳಿ ಹಳ್ಳಿಗಳ ಮೇಲೆ ಪೊಲೀಸು, ಮಿಲಿಟರಿ, ಲೂಟಿಕೋರರು ಒಟ್ಟಿಗೇ ಬಿದ್ದರು. ಅದರ ಹಿಂದೆಯೇ ರಾಜಶಾಹಿಯ ನಾಚೋಲಿನಲ್ಲಿ ಬೆಳೆಯ ಪಾಲು ಕೇಳಿದ ಸಂತಾಲರಿಗೆ ಅದೇ ಗತಿ. 1950ರ ಫೆಬ್ರುವರಿಯಲ್ಲಿ ಢಾಕಾ, ಬಾರಿಸಾಲ್ ಹತ್ತಿ ಉರಿಯಿತು. ಮಂಡಲರ ಸ್ವಂತ ಜಿಲ್ಲೆ, ಅವರಿಗೆ ಓಟು ಹಾಕಿದ ಜನ. ಮಂತ್ರಿ ಊರೂರು ಸುತ್ತಿದರು, ಪತ್ರ ಬರೆದರು, ಬೇಡಿಕೊಂಡರು. ಕೇಳುವವರಿಲ್ಲ. ಯಾಕೆ ಕೇಳಬೇಕು? ಇವರು ಕೋಪಿಸಿಕೊಂಡರೆ ಬೀಳುವ ಸರಕಾರವಾಗಿರಲಿಲ್ಲ ಅದು.

1950ರ ಅಕ್ಟೋಬರ್ 8ರಂದು ಕಲ್ಕತ್ತದಿಂದ ಲಿಯಾಕತ್ ಅಲಿ ಖಾನರಿಗೆ ರಾಜೀನಾಮೆ ಕಳಿಸಿದರು. ಉದ್ದನೆಯ ಪತ್ರ. ಕರಪತ್ರದವರು ಇದರ ಹಿಂಭಾಗ ಮಾತ್ರ ಓದುತ್ತಾರೆ. ಮುಂಭಾಗದಲ್ಲಿ ಬಡ ಮುಸ್ಲಿಮನೂ ಬಡ ನಾಮಶೂದ್ರನೂ ಯಾಕೆ ಒಂದಾಗಬೇಕಿತ್ತು ಅಂತ ಅವರು ಬರೆದದ್ದಿದೆ. ಅದು ತಪ್ಪಾಗಿತ್ತು ಅಂತ ಅವರು ಎಲ್ಲೂ ಹೇಳಿಲ್ಲ. ಕೊಟ್ಟ ಮಾತನ್ನು ಲೀಗು ನಡೆಸಲಿಲ್ಲ ಅಂತ ಹೇಳಿದ್ದಾರೆ. ಇವೆರಡೂ ಒಂದೇ ಅಲ್ಲ.

ಒಂದು ವರ್ಷ ತುಂಬುವ ಮೊದಲೇ, 1951ರ ಸೆಪ್ಟೆಂಬರ್ 27ರಂದು, ದಿಲ್ಲಿಯಲ್ಲಿ ಅಂಬೇಡ್ಕರ್ ಕೂಡ ರಾಜೀನಾಮೆ ಕೊಟ್ಟರು. ಹಿಂದೂ ಕೋಡ್ ಬಿಲ್ಲನ್ನು ಹೊಸಕಿ ಹಾಕಿದ್ದರು, ಪರಿಶಿಷ್ಟರ ಪಾಡು ಇದ್ದ ಹಾಗೇ ಇತ್ತು. ಇಸ್ಲಾಮಿನ ಹೆಸರಿನ ದೇಶದಲ್ಲೂ ಜಾತ್ಯತೀತದ ಹೆಸರಿನ ದೇಶದಲ್ಲೂ ಮೊದಲ ಕಾನೂನು ಮಂತ್ರಿಗಳು ಮನೆಗೆ ಹೋದರು. ಕರಪತ್ರ ಅಚ್ಚು ಹಾಕಿಸಿದವರು ಈ ಎರಡನೆಯ ರಾಜೀನಾಮೆಯಿಂದ ನಮಗೆ ಯಾವ ಎಚ್ಚರಿಕೆ ಕೊಡುತ್ತಾರೆ? 1973ರಲ್ಲಿ ನಮ್ಮ ಕಣ್ಣೆದುರೇ ಬಸವಲಿಂಗಪ್ಪನವರು ಹೋದರಲ್ಲ. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ ಮಂತ್ರಿ. ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಕುರ್ಚಿ ಕಿತ್ತುಕೊಂಡರು. ಅಲ್ಲಿ ಮುಸ್ಲಿಂ ಲೀಗೂ ಇರಲಿಲ್ಲ, ಪಾಕಿಸ್ತಾನವೂ ಇರಲಿಲ್ಲ.

ಇತ್ತ ಬಂದ ಮಂಡಲರಿಗೆ ಇಲ್ಲಿ ಆರತಿ ಎತ್ತಲಿಲ್ಲ. ಆ ಕಡೆ ದೇಶದ್ರೋಹಿ, ಈ ಕಡೆಯೂ ದೇಶದ್ರೋಹಿ. ಅವರ ಹಿಂದೆ ಲಕ್ಷ ಲಕ್ಷ ನಾಮಶೂದ್ರ ರೈತರು ಗಡಿ ದಾಟಿ ಬಂದರು. ಮೊದಲೇ ಬಂದಿದ್ದ ಮೇಲ್ಜಾತಿಯವರು ಕಲ್ಕತ್ತದ ಸುತ್ತ ಕಾಲೋನಿ ಕಟ್ಟಿಕೊಂಡು ತಳವೂರಿದ್ದರು. ನಮ್ಮವರಿಗೆ ಕ್ಯಾಂಪು, ಕ್ಯಾಂಪಿನಿಂದ 1958ರ ಯೋಜನೆಯಂತೆ ದಂಡಕಾರಣ್ಯ. ಬಸ್ತಾರ್, ಕೋರಾಪುಟ್ ಕಾಡಿನ ಕಲ್ಲು ನೆಲ. ಅದೂ ಆದಿವಾಸಿಗಳ ನೆಲ. ನೀರಿನಲ್ಲಿ ಹುಟ್ಟಿದವರನ್ನು ಕಲ್ಲಿನ ಮೇಲೆ ಎಸೆಯಬೇಡಿ, ಬಂಗಾಳದಲ್ಲೇ ಜಾಗ ಕೊಡಿ ಅಂತ ಮಂಡಲ್ ಹೋರಾಡಿದರು. ಮತ್ತೆ ಮತ್ತೆ ಚುನಾವಣೆಗೆ ನಿಂತರು. 1967ರಲ್ಲಿ ಬಾರಾಸಾತ್‌ನಿಂದ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ಲೋಕಸಭೆಗೆ ನಿಂತು ಸೋತರು. ಓಟು ಹಾಕಬೇಕಾದವರನ್ನೆಲ್ಲ ಸರಕಾರ ರೈಲು ಹತ್ತಿಸಿ ಕಳಿಸಿಬಿಟ್ಟಿತ್ತಲ್ಲ, ಗೆಲ್ಲುವುದು ಹೇಗೆ? 1968ರ ಅಕ್ಟೋಬರ್ 5ರಂದು ಗಡಿಯ ಬೊನ್‌ಗಾಂವ್‌ನಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ದಂಡಕಾರಣ್ಯದಿಂದ ತಿರುಗಿ ಬಂದು ಮರಿಚ್‌ಝಾಪಿ ದ್ವೀಪದಲ್ಲಿ ನೆಲೆಸಿದ ಆ ಜನರಿಗೆ, 1979ರಲ್ಲಿ ಕೆಂಪು ಬಾವುಟದ ಸರಕಾರವೇ ಅನ್ನ ನೀರು ತಡೆದು, ಗುಂಡು ಹಾರಿಸಿ, ಗುಡಿಸಲಿಗೆ ಬೆಂಕಿ ಇಟ್ಟು ಓಡಿಸಿತು. ಎಷ್ಟು ಜನ ಸತ್ತರು ಎಂಬ ಲೆಕ್ಕ ಇಂದಿಗೂ ತೀರಿಲ್ಲ.

ಇದೆಲ್ಲ ದೂರದ ಬಂಗಾಳದ ಮಾತು ಅಂದುಕೊಳ್ಳಬೇಡಿ. ಆ ಜನರಲ್ಲಿ ಕೆಲವರನ್ನು ನಮ್ಮ ಸಿಂಧನೂರಿಗೂ ತಂದು ಬಿಟ್ಟರು. ತುಂಗಭದ್ರಾ ಕಾಲುವೆ ಸೀಮೆಯ ಪುನರ್ವಸತಿ ಕ್ಯಾಂಪುಗಳಲ್ಲಿ ಅವರು ಇವತ್ತಿಗೂ ಇದ್ದಾರೆ, ಅಲ್ಲೂ ಭತ್ತ ಬೆಳೆಯುತ್ತಿದ್ದಾರೆ. ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾದ ನಾಮಶೂದ್ರ ಇಲ್ಲಿ ಪರಿಶಿಷ್ಟನಲ್ಲ, ನಮ್ಮ ರಾಜ್ಯದ 101 ಜಾತಿಗಳ ಪಟ್ಟಿಯಲ್ಲಿ ಆ ಹೆಸರಿಲ್ಲ. ಸರ್ಟಿಫಿಕೇಟು ಕೊಡಿ ಅಂತ ಅವರು ಕೇಳುತ್ತಲೇ ಇದ್ದಾರೆ. ನಮ್ಮ ಪಾಲಿಗೆ ಇನ್ನೊಬ್ಬರು ಬರುತ್ತಾರೆ ಅಂತ ನಮ್ಮಲ್ಲೇ ಕೆಲವರು ಮುಖ ತಿರುಗಿಸುವುದನ್ನೂ ಕಂಡಿದ್ದೇವೆ.

ಮುಂದಿನ ಸಭೆಯಲ್ಲಿ ಮಂಡಲರ ರಾಜೀನಾಮೆ ಪತ್ರವನ್ನು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲಿ ಓದುತ್ತೇವೆ. ಸಿಂಧನೂರು ಕ್ಯಾಂಪಿನವರಿಗೂ ಬನ್ನಿ ಅಂತ ಹೇಳಿ ಕಳಿಸಿದ್ದೇವೆ. ಕರಪತ್ರ ತಂದ ಹುಡುಗ ತಪ್ಪದೆ ಬರಬೇಕು, ಆ ಕರಪತ್ರವನ್ನೂ ತರಬೇಕು. ಎರಡನ್ನೂ ಪಕ್ಕದಲ್ಲಿಟ್ಟು ಓದೋಣ.